ಸೋಲನ್ನು ಬರೆದ ತ.ರಾ.ಸು.

ತ.ರಾ.ಸು. ಎಂದೊಡನೆ ಬಹಳಷ್ಟು ಜನರಿಗೆ ನೆನಪಾಗುವುದು ‘ನಾಗರಹಾವು’. ಅವರ ಮೂರು ಕಾದಂಬರಿಗಳನ್ನು ಹೆಣೆದು ಪುಟ್ಟಣ್ಣ ಕಣಗಾಲ್ 1972ರಲ್ಲಿ ತೆರೆಗೆ ತಂದ ಆ ಚಿತ್ರದ ಜನಪ್ರಿಯತೆ, ಚಿತ್ರದುರ್ಗದ ಪಾಳೆಯಗಾರರನ್ನು ಕುರಿತು ಅವರು ದಶಕಗಳ ಕಾಲ ಬರೆದ ಐತಿಹಾಸಿಕ ಕಾದಂಬರಿಗಳನ್ನು ಮರೆಗೆ ಸರಿಸಿತು ಎಂಬುದು ನನ್ನ ಬಹುದಿನಗಳ ಅಭಿಪ್ರಾಯ.

ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್ ಅವರದು ವಿದ್ವತ್ತಿನ ಮನೆತನ. ಕುವೆಂಪು ತಮ್ಮ ‘ಶ್ರೀ ರಾಮಾಯಣ ದರ್ಶನಂ’ ಅನ್ನು ಅರ್ಪಿಸಿದ ಗುರು ಟಿ.ಎಸ್. ವೆಂಕಣ್ಣಯ್ಯನವರು ಇದೇ ಮನೆಯವರು. ತ.ರಾ.ಸು. ಮಾತ್ರ ಪಾಂಡಿತ್ಯದ ದಾರಿ ಹಿಡಿಯದೆ, ಸ್ವಾತಂತ್ರ್ಯ ಚಳವಳಿಗೆ ಧುಮುಕಿ, ಪತ್ರಕರ್ತರಾಗಿ ದುಡಿದು, ಅ.ನ.ಕೃ., ನಿರಂಜನ, ಕಟ್ಟೀಮನಿಯವರ ಜೊತೆ ಸಾಮಾಜಿಕ ಅನ್ಯಾಯವನ್ನು ಪ್ರಶ್ನಿಸುವ ಪ್ರಗತಿಶೀಲ ಸಾಹಿತ್ಯದ ಮುಂಚೂಣಿಯಲ್ಲಿ ನಿಂತರು. ಇಂಥವರು ರಾಜರ ಕಥೆಯನ್ನೇಕೆ ಕೈಗೆತ್ತಿಕೊಂಡರು ಎಂದು ಕೇಳುವವರು ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳನ್ನು ಓದಬೇಕು. ಅಲ್ಲಿರುವುದು ಚಿತ್ರದುರ್ಗದ ದಳವಾಯಿ, ಅಂದರೆ ಸೇನಾಪತಿ, ಮುದ್ದಣ್ಣನ ಕಾಲದ ಸಂಚು, ಸೇಡು, ಕೊಲೆಗಳು. ಕೋಟೆಯ ಹೊರಗಿನ ಶತ್ರುವಿಗಿಂತ ಒಳಗಿನ ಅಧಿಕಾರದಾಹವೇ ಅಲ್ಲಿ ಹೆಚ್ಚು ಭೀಕರ. ಸಿಂಹಾಸನದ ಬಗೆಗಿನ ಈ ಅನುಮಾನ ಪ್ರಗತಿಶೀಲ ಲೇಖಕನದೇ ಎಂದು ನನಗೆ ತೋರುತ್ತದೆ.

ಐತಿಹಾಸಿಕ ಕಾದಂಬರಿಕಾರನಿಗೆ ಒಂದು ಕಷ್ಟವುಂಟು: ಕಥೆಯ ಕೊನೆ ಓದುಗನಿಗೆ ಮೊದಲೇ ಗೊತ್ತಿರುತ್ತದೆ. 1754ರಲ್ಲಿ ಬಾಲಕನಾಗಿ ಪಟ್ಟವೇರಿದ, ಚಿತ್ರದುರ್ಗದ ಕೊನೆಯ ಪಾಳೆಯಗಾರ ಮದಕರಿನಾಯಕ 1779ರಲ್ಲಿ ಹೈದರಾಲಿಗೆ ದುರ್ಗವನ್ನು ಕಳೆದುಕೊಂಡದ್ದು ಆ ಸೀಮೆಯ ಎಲ್ಲರೂ ಬಲ್ಲ ಸಂಗತಿ. ತ.ರಾ.ಸು. ಅದನ್ನು ಬಚ್ಚಿಡಲು ಹೋಗದೆ, 1982ರಲ್ಲಿ ಪ್ರಕಟವಾದ ಬೃಹತ್ ಕಾದಂಬರಿಗೆ ‘ದುರ್ಗಾಸ್ತಮಾನ’ ಎಂದೇ ಹೆಸರಿಟ್ಟರು. ಹೀಗಾಗಿ ಮುಂದೇನಾಯಿತು ಎಂಬ ಕುತೂಹಲ ಹಿಂದೆ ಸರಿದು, ಒಳ್ಳೆಯವರೂ ಶೂರರೂ ಇದ್ದ ಸಂಸ್ಥಾನ ಹೇಗೆ ಕುಸಿಯಿತು ಎಂಬ ಸಂಕಟ ಪುಟಪುಟಕ್ಕೂ ಬೆಳೆಯುತ್ತದೆ. ಪೂರ್ವಜರ ಗೆಲುವುಗಳನ್ನಷ್ಟೇ ಹೆಕ್ಕಿ ಜಾತಿಗೊಬ್ಬ, ಊರಿಗೊಬ್ಬ ವೀರನನ್ನು ಮೆರೆಸುವ ಇಂದಿನ ಉತ್ಸಾಹದ ನಡುವೆ, ತಾನು ಅಷ್ಟೊಂದು ಪ್ರೀತಿಸಿದ ಊರಿನ ಸೋಲನ್ನು ಇಷ್ಟು ವಿಸ್ತಾರವಾಗಿ ಬರೆದ ಎದೆಗಾರಿಕೆ ನನಗೆ ದೊಡ್ಡದಾಗಿ ಕಾಣುತ್ತದೆ.

ದೋಷಗಳಿಲ್ಲವೆಂದಲ್ಲ. ಪಾತ್ರಗಳು ಕೆಲವೊಮ್ಮೆ ಕಂಪನಿ ನಾಟಕದ ರಂಗದ ಮೇಲೆ ನಿಂತವರಂತೆ ಉದ್ದುದ್ದ ಮಾತನಾಡುತ್ತವೆ. ಭಾವಾವೇಶ ಅಳತೆ ಮೀರುತ್ತದೆ. ಆದರೆ ಈ ದೋಷಗಳನ್ನೇ ಮುಂದಿಟ್ಟು ಅವರನ್ನು ಕೇವಲ ‘ಜನಪ್ರಿಯ’ ಲೇಖಕರ ಸಾಲಿಗೆ ತಳ್ಳಿದ ವಿಮರ್ಶೆಯನ್ನು ನಾನು ಒಪ್ಪಲಾರೆ. ಅದೇ ಚಿತ್ರದುರ್ಗದ ಸಂಗೀತಗಾರನೊಬ್ಬನ ಬಾಳನ್ನು ಚಿತ್ರಿಸುವ, ಜಿ.ವಿ. ಅಯ್ಯರ್ ಅವರ ಚಿತ್ರಕ್ಕೂ ಆಧಾರವಾದ ‘ಹಂಸಗೀತೆ’ಯ ಸಂಯಮವನ್ನು ಕಂಡವರು ಹಾಗೆ ಹೇಳುವುದು ಕಷ್ಟ.

‘ದುರ್ಗಾಸ್ತಮಾನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ, ತ.ರಾ.ಸು. 1984ರಲ್ಲೇ ತೀರಿಕೊಂಡಿದ್ದರು. ಹೊಸದಾಗಿ ಓದುವವರು ಅದರಿಂದ ಆರಂಭಿಸದೆ, ‘ಕಂಬನಿಯ ಕುಯಿಲು’ವಿನಿಂದ ಹೊರಟು ಅಲ್ಲಿಗೆ ಬರುವುದು ಒಳ್ಳೆಯದು. ಮದಕರಿಯ ಕಾಲಕ್ಕೆ ಬರುವ ಹೊತ್ತಿಗೆ, ಆ ಕೋಟೆ ಒಳಗಿನವರಿಂದಲೇ ಎಷ್ಟು ಪೆಟ್ಟು ತಿಂದಿತ್ತು ಎಂಬುದು ಅವರಿಗೆ ತಿಳಿದಿರುತ್ತದೆ.