ಮಲಗೋದು ಮಗು ಒಂದೇನಾ?

ನಿನ್ನೆ ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಒಂದು ಕಾರ್ಯಕ್ರಮ ಇತ್ತು. ವಿಷಯ: ಮಕ್ಕಳ ನಿದ್ದೆ. ಸಮಯ: ರಾತ್ರಿ 8.30! ಶುರುವಾಗಿದ್ದು ಒಂಬತ್ತಕ್ಕೆ. ಹಿಂದಿನ ಸಾಲಿನಲ್ಲಿ ಮಕ್ಕಳೆಲ್ಲ ಕುರ್ಚಿ ಹತ್ತಿ ಕುಣಿಯುತ್ತಿದ್ದರು. ಕೊನೆಗೆ ದೊಡ್ಡವರಿಗೆ ಸಮೋಸ, ಮಕ್ಕಳಿಗೆ ಕೋಲಾ. ಕೋಲಾದಲ್ಲಿ ಕೆಫೀನ್ ಇದೆ, ಸಂಜೆ ಮೇಲೆ ಕೊಡಬೇಡಿ ಅಂತ ಆಗಷ್ಟೇ ಹೇಳಿ ಮುಗಿಸಿದ್ದ ಡಾಕ್ಟರ್ ಮುಖ ನೋಡಬೇಕಿತ್ತು.

ಪಾಪ, ಡಾಕ್ಟರ್ ಹೇಳಿದ್ದೆಲ್ಲ ಸರಿಯಾಗೇ ಇತ್ತು. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಇದು ಅಮೆರಿಕದ ನಿದ್ರಾತಜ್ಞರ ಸಂಸ್ಥೆ 2016ರಲ್ಲೇ ಕೊಟ್ಟ ಲೆಕ್ಕ. ನನಗೆ ಉರಿದಿದ್ದು ಆಮೇಲೆ. ಮಾತಾಡಿದವರೆಲ್ಲ ಅಪ್ಪಂದಿರು, ಬೈಸಿಕೊಂಡವರೆಲ್ಲ ಅಮ್ಮಂದಿರು. ‘ಮೊಬೈಲ್ ಕೊಟ್ಟು ಕೆಡಿಸಿದ್ದೀರಿ’, ‘ಒಂದು ಕಥೆ ಹೇಳಿ ಮಲಗಿಸೋಕೆ ಏನು ಕಷ್ಟ?’

ಕಥೆ ಅಂತೆ! ಲೆಕ್ಕ ಕೇಳಿ. ನನ್ನ ಮಗಳು ನಾಲ್ಕನೇ ಕ್ಲಾಸು. ವ್ಯಾನ್ ಬರೋದು 6.50ಕ್ಕೆ, ಏಳಬೇಕಾದ್ದು ಆರಕ್ಕೆ. ಒಂಬತ್ತು ಗಂಟೆ ನಿದ್ದೆ ಬೇಕಂದ್ರೆ ರಾತ್ರಿ ಒಂಬತ್ತಕ್ಕೆ ಅವಳಿಗೆ ನಿದ್ದೆ ಬಂದಿರಬೇಕು. ಹಾಸಿಗೆಗೆ ಹೋಗಿರಬೇಕು ಅಂತಲ್ಲ, ಬಂದೇ ಇರಬೇಕು. ಅವಳಪ್ಪ ವೈಟ್‌ಫೀಲ್ಡಿನಿಂದ ಮನೆ ಸೇರೋದೇ ಎಂಟೂವರೆಗೆ. ಅಪ್ಪ ಬಂದ ಕೂಡಲೇ ಮಗು ಮಲಗಿಬಿಡಬೇಕು, ಅಲ್ವಾ? ಅತ್ತೆಯ ಸೀರಿಯಲ್ಲು ಒಂಬತ್ತೂವರೆಗೆ. ಐಪಿಎಲ್ ಬಂದರಂತೂ ಮ್ಯಾಚ್ ಶುರುವಾಗೋದೇ ಏಳೂವರೆಗೆ, ಮುಗಿಯೋದು ಹನ್ನೊಂದು ದಾಟಿ. (ಆರ್‌ಸಿಬಿ ಬಗ್ಗೆ ನಾನು ಏನೂ ಹೇಳಲ್ಲ, ಮನೆಯಲ್ಲಿ ಬಾಳಬೇಕಲ್ಲ.) ಇದರ ನಡುವೆ ಒಂಬತ್ತೂಕಾಲಿಗೆ ಸ್ಕೂಲ್ ಗ್ರೂಪಿನಲ್ಲಿ ಟಣ್ ಅಂತ ಮೆಸೇಜು: ನಾಳೆ ಹಸಿರು ಬಣ್ಣದ ಚಾರ್ಟ್ ಪೇಪರ್ ತರಬೇಕು. ಮಗು ಎದ್ದು ಕೂರುತ್ತೆ. ‘ಅಮ್ಮಾ, ಇಲ್ಲಾಂದ್ರೆ ಮಿಸ್ ಹೊರಗೆ ನಿಲ್ಲಿಸ್ತಾರೆ.’ ಈಗ ಕಥೆ ಹೇಳಿ ನೋಡೋಣ!

ಕತ್ತಲಾದರೆ ಮೈಯಲ್ಲಿ ಮೆಲಟೊನಿನ್ ಅನ್ನೋ ಹಾರ್ಮೋನು ಏರುತ್ತದೆ, ನಿದ್ದೆ ಎಳೆಯುತ್ತದೆ. ಬೆಳಕಿದ್ದರೆ ಅದು ತಡವಾಗುತ್ತದೆ. ನಮ್ಮ ಮನೆಗಳಲ್ಲಿ ಕತ್ತಲಾಗೋದು ಯಾವಾಗ ಹೇಳಿ? ಹಾಲಿನ ಎಲ್‌ಇಡಿ ಲೈಟು ಆರೋದೇ ಹನ್ನೊಂದಕ್ಕೆ. ಒಬ್ಬರು ಮೆಲಟೊನಿನ್ ಗಮ್ಮಿ (ಜಗಿಯೋ ಮಿಠಾಯಿ ಥರದ್ದು) ಆನ್‌ಲೈನಲ್ಲಿ ಸಿಗುತ್ತಲ್ಲ, ಕೊಡಬಹುದಾ ಅಂದರು. ಮಕ್ಕಳ ಡಾಕ್ಟರನ್ನು ಕೇಳದೆ ಮುಟ್ಟಬೇಡಿ ಅಂದರು ಡಾಕ್ಟರ್. ಲೈಟ್ ಆರಿಸೋದಕ್ಕಿಂತ ಗಮ್ಮಿ ತರಿಸೋದು ಸುಲಭ ನೋಡಿ ನಮಗೆ.

‘ನಾವೂ ಹಂಗೇ ಬೆಳೆದ್ವಿ, ನಮಗೇನಾಯ್ತು?’ ಅಂತ ಒಬ್ಬರು ಎದ್ದೇ ಎದ್ದರು. ಪ್ರತಿ ಸಭೆಯಲ್ಲೂ ಒಬ್ಬರು ಇರುತ್ತಾರೆ. ಸ್ವಾಮಿ, ನಾವು ಬೆಳೆದಾಗ ಎಂಟಕ್ಕೆ ಕರೆಂಟ್ ಹೋಗ್ತಿತ್ತು. ನಮ್ಮೂರ ಶಾಲೆ ಶುರುವಾಗ್ತಿದ್ದಿದ್ದು ಹತ್ತಕ್ಕೆ, ಅದೂ ಮನೆಯಿಂದ ನಡೆದು ಹೋಗೋ ದೂರ.

ಅಜ್ಜಿಯಂದಿರದ್ದು ಇನ್ನೊಂದು. ‘ಮಲಗದಿದ್ರೆ ಗುಮ್ಮ ಬರ್ತಾನೆ.’ ಮೊದಲು ಹೆದರಿಸೋದು, ಆಮೇಲೆ ಇಷ್ಟು ದೊಡ್ಡವಳಾಗಿ ಒಬ್ಬಳೇ ಮಲಗಲ್ಲ ಅಂತ ಗೊಣಗೋದು.

ನಮ್ಮನೆಯಲ್ಲಿ ಸ್ವಲ್ಪ ಕೆಲಸ ಮಾಡಿದ್ದನ್ನು ಹೇಳ್ತೀನಿ, ಕೇಳದಿದ್ದರೂ. ಮಗಳು ಎಂಟೂವರೆಗೆ ಹಾಸಿಗೆಗೆ ಹೋಗಿ ಹತ್ತರವರೆಗೆ ಹೊರಳಾಡುತ್ತಿದ್ದಳು. ಡಾಕ್ಟರ್ ಹೇಳಿದ್ದು ಉಲ್ಟಾ: ತಡವಾಗಿ ಮಲಗಿಸಿ. ನಿದ್ದೆ ಬರೋ ಹೊತ್ತಿಗೆ, ಅಂದರೆ ಹತ್ತರ ಹತ್ತಿರ ಮಲಗಿಸಿ, ಬೆಳಿಗ್ಗೆ ಭಾನುವಾರವೂ ಅದೇ ಹೊತ್ತಿಗೆ ಎಬ್ಬಿಸಿ, ಆಮೇಲೆ ಮಲಗೋ ಹೊತ್ತನ್ನು ಹದಿನೈದು ಹದಿನೈದು ನಿಮಿಷ ಮುಂಚೆಗೆ ತರೋದು. ಇನ್ನೊಂದು, ಚೀಟಿ. ರಾತ್ರಿಗೆ ಒಂದು ಚೀಟಿ ಕೈಗೆ. ನೀರೋ, ಉಚ್ಚೆಯೋ, ಇನ್ನೊಂದು ಮುತ್ತೋ, ಯಾವುದಕ್ಕಾದರೂ ಒಂದು ಸಲ ಎದ್ದು ಬರಬಹುದು, ಚೀಟಿ ವಾಪಸ್. ಆಮೇಲೆ ಬರೋ ಹಾಗಿಲ್ಲ. ನಮ್ಮವಳು ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮಲಗ್ತಾಳೆ. ಖರ್ಚು ಮಾಡೋಕೆ ಜಿಪುಣತನ. ಅವಳ ತಾತನ ಬುದ್ಧಿ.

ಆದರೆ ಎಲ್ಲವೂ ಹಟ ಅಲ್ಲ. ಬಾಯಿ ಬಿಟ್ಟುಕೊಂಡು ಜೋರಾಗಿ ಗೊರಕೆ ಹೊಡೆಯೋ ಮಗುವಿಗೆ ಮೂಗಿನ ಹಿಂದಿರೋ ಅಡಿನಾಯ್ಡ್, ಗಂಟಲಿನ ಟಾನ್ಸಿಲ್ ದಪ್ಪಗಾಗಿ ರಾತ್ರಿ ಉಸಿರು ಕಟ್ಟುತ್ತಿರಬಹುದು. ಅಂಥ ಮಕ್ಕಳು ಹಗಲು ತೂಕಡಿಸೋದೇ ಇಲ್ಲ ಅನ್ನಿಸಬಹುದು, ಬದಲಿಗೆ ಕುಣಿದಾಡ್ತಾರೆ. ನಾವು ‘ತುಂಟ’ ಅಂತ ಹೆಸರಿಡ್ತೀವಿ. ಡಾಕ್ಟರಿಗೆ ತೋರಿಸಿ.

ಒಂದು ನಿಜ ಹೇಳಲಾ? ಲೈಟ್ ಆರಿಸಿದ ಮೇಲೆ ಅವಳು ಮಾತಾಡೋ ಹತ್ತು ನಿಮಿಷ ನನಗೆ ಬೇಕು. ವ್ಯಾನಿನಲ್ಲಿ ಯಾವ ಹುಡುಗ ಜಡೆ ಎಳೀತಾನೆ, ಯಾರು ಟಿಫನ್ ಹಂಚಿಕೊಳ್ಳಲಿಲ್ಲ, ಎಲ್ಲ ಆಗಲೇ ಹೊರಗೆ ಬರೋದು. ಹಗಲು ಕೇಳಿದರೆ ‘ಏನಿಲ್ಲ’. ಆ ಹತ್ತು ನಿಮಿಷವೂ ಆರು ಗಂಟೆ ಅಲಾರಂ ಲೆಕ್ಕ ಹಾಕಿಕೊಂಡೇ ಕೇಳಬೇಕು, ಅದೇ ನನಗೆ ಜಾಸ್ತಿ ಸಿಟ್ಟು.

ಸ್ಕೂಲ್ ಟೈಮ್ ಬದಲಾಯಿಸೋಕೆ ಆಗಲ್ಲ ಅಂತಾರೆ. ಬಸ್ಸು, ಟ್ರಾಫಿಕ್ಕು, ಅಪ್ಪ ಅಮ್ಮನ ಆಫೀಸು. ಇರಬಹುದು. ಆದರೆ ಪಕ್ಕದ ಮಹಾರಾಷ್ಟ್ರದಲ್ಲಿ ನಾಲ್ಕನೇ ಕ್ಲಾಸಿನವರೆಗೆ ಬೆಳಿಗ್ಗೆ ಒಂಬತ್ತಕ್ಕೆ ಮೊದಲು ಶಾಲೆ ಶುರು ಮಾಡಬೇಡಿ ಅಂತ 2024ರಲ್ಲಿ ಸರ್ಕಾರವೇ ಹೇಳಿತು, ಕಾರಣ ಮಕ್ಕಳ ನಿದ್ದೆ. ಅಲ್ಲೂ ಬಸ್ಸಿನವರು ಗೊಣಗಿದರು. ನಮ್ಮ ಬೆಂಗಳೂರಲ್ಲೂ 2023ರಲ್ಲಿ ಶಾಲೆ ಸಮಯ ಬದಲಾಯಿಸೋ ಮಾತು ಬಂತು, ಯೋಚಿಸಿ ಅಂತ ಹೈಕೋರ್ಟೇ ಸರ್ಕಾರಕ್ಕೆ ಹೇಳಿತ್ತು. ಯಾಕೆ? ಟ್ರಾಫಿಕ್ ಕಡಿಮೆ ಮಾಡೋಕೆ! ಕಾರುಗಳಿಗೆ ತೊಂದರೆ ಆದರೆ ಚರ್ಚೆ, ಮಕ್ಕಳಿಗೆ ಆದರೆ ಅಮ್ಮನಿಗೆ ಬೈಗುಳ.

ನಿಮ್ಮಲ್ಲಿ ಯಾರ ಮಕ್ಕಳ ಸ್ಕೂಲು ಒಂಬತ್ತಕ್ಕೆ ಶುರುವಾಗುತ್ತೋ ಕೆಳಗೆ ಬರೀರಿ. ಫೀಸ್ ಎಷ್ಟು ಅಂತಲೂ.