ಟೈಪ್ 2ಗೆ ಜೀನ್ ಟೆಸ್ಟ್ ಯಾಕೆ?

ನಿಮ್ಮ ಲೇಖನದಲ್ಲಿ ಇನ್ನು ಮುಂದೆ ಎಲ್ಲಾ ಶುಗರ್‌ನವರಿಗೂ ಜೀನ್ ನೋಡಿಯೇ ಮಾತ್ರೆ ಕೊಡಬಹುದು ಎಂದು ಬರೆದಿದ್ದೀರಲ್ಲ, ಅದನ್ನು ಒಪ್ಪೋದು ಕಷ್ಟ. ಹೆಚ್ಚಿನವರಿಗೆ ಇರೋದು ಟೈಪ್ 2. ಅದರಲ್ಲಿ ನೂರಾರು ಜೀನ್‌ಗಳದ್ದು ಚೂರುಚೂರು ಪಾಲು, ಜೊತೆಗೆ ತೂಕ, ಊಟ, ನಿದ್ದೆ ಎಲ್ಲಾ ಸೇರಿಕೊಂಡಿರುತ್ತದೆ. ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆ ಯಾರಿಗೆ ಚೆನ್ನಾಗಿ ಹಿಡಿಯುತ್ತದೆ ಅನ್ನೋದಕ್ಕೆ 2011ರಲ್ಲಿ ಎಟಿಎಂ ಎಂಬ ಜೀನ್ ಹತ್ತಿರ ಒಂದು ಸುಳಿವು ಸಿಕ್ಕಿತ್ತು ನಿಜ, ಆದರೆ ಅದರ ಪರಿಣಾಮ ತೀರಾ ಸಣ್ಣದು, ಅದನ್ನು ನೋಡಿ ಚೀಟಿ ಬರೆಯೋ ಹಾಗಿಲ್ಲ.

ಟೆಸ್ಟ್ ನಿಜವಾಗಿ ಕೆಲಸಕ್ಕೆ ಬರೋದು ಒಂದೇ ಜೀನ್ ಕೆಟ್ಟು ಬರುವ 'ಮೋಡಿ' ಬಗೆಯ ಡಯಾಬಿಟಿಸ್‌ನಲ್ಲಿ. ನಮ್ಮ ಅಕ್ಕನ ಮಗಳಿಗೆ ಹದಿನೇಳಕ್ಕೇ ಶುಗರ್ ಬಂತು. ಸಣಕಲು ಹುಡುಗಿ, ನೋಡಿದ ಕೂಡಲೇ ಟೈಪ್ 1 (ದೇಹದಲ್ಲಿ ಇನ್ಸುಲಿನ್ ತಯಾರಾಗೋದೇ ನಿಂತುಹೋಗುವ ಬಗೆ) ಅಂದು ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳಲು ಹೇಳಿದರು, ಅವಳ ಅಪ್ಪನಿಗೂ ಅಜ್ಜಿಗೂ ಚಿಕ್ಕ ವಯಸ್ಸಲ್ಲೇ ಬಂದಿತ್ತಾ ಅಂತ ಯಾರೂ ಕೇಳಲೇ ಇಲ್ಲ! ಆಮೇಲೆ ಇನ್ನೊಬ್ಬ ಡಾಕ್ಟರು ದೇಹ ಇನ್ನೂ ಇನ್ಸುಲಿನ್ ಮಾಡ್ತಿದೆಯಾ ಅಂತ ತೋರಿಸುವ ಸಿ-ಪೆಪ್ಟೈಡ್, ಟೈಪ್ 1 ಹೌದಾ ಅಂತ ಸುಳಿವು ಕೊಡುವ ಆಂಟಿಬಾಡಿ ರಿಪೋರ್ಟ್ ನೋಡಿ ಜೀನ್ ಟೆಸ್ಟಿಗೆ ಬರೆದರು. ಎಚ್‌ಎನ್‌ಎಫ್1ಎ ಎಂಬ ಜೀನ್ ಕೆಟ್ಟಿರುವ ಮೋಡಿ ಅಂತ ಬಂತು. ಈಗ ಬೆಳಿಗ್ಗೆ ಅರ್ಧ ಗ್ಲಿಕ್ಲಜೈಡ್ ಮಾತ್ರೆ ಅಷ್ಟೇ, ಫ್ರಿಜ್ ಬಾಗಿಲಲ್ಲಿ ಮೊಟ್ಟೆ ಪಕ್ಕ ಇರುತ್ತಿದ್ದ ಇನ್ಸುಲಿನ್ ಪೆನ್ನುಗಳೆಲ್ಲ ಹೋದವು. ಕೆಟ್ಟಿರೋದು ಜಿಸಿಕೆ ಜೀನ್ ಆಗಿದ್ದರೆ ಗರ್ಭಿಣಿಯರನ್ನು ಬಿಟ್ಟು ಉಳಿದವರಿಗೆ ಸಾಮಾನ್ಯವಾಗಿ ಮಾತ್ರೆಯೂ ಬೇಡ. ಆರು ತಿಂಗಳೊಳಗೆ ಶುಗರ್ ಬಂದ ಕೂಸುಗಳಲ್ಲೂ ಎಷ್ಟೋ ಮಕ್ಕಳಿಗೆ ಈ ಟೆಸ್ಟ್‌ನಿಂದಲೇ ಇನ್ಸುಲಿನ್ ಬಿಡಿಸಿ ಗ್ಲಿಬೆನ್‌ಕ್ಲಮೈಡ್ ಮಾತ್ರೆ ಕೊಡಲು ಆಗಿದೆ.

ಇಂಥವರಿಗೆ ನಿಮ್ಮ ಲೇಖನದಲ್ಲಿ ಒಂದೇ ಸಾಲು ಯಾಕೆ? ಅರವತ್ತು ದಾಟಿದ ಟೈಪ್ 2 ತಾತನಿಗೂ ಟೆಸ್ಟ್ ಬೇಕು ಅಂದರೆ ಸುಮ್ನೆ ಪ್ಯಾಕೇಜ್ ಮಾರೋ ಲ್ಯಾಬ್‌ಗಳಿಗೆ ಲಾಭ, ಅಲ್ವಾ?