ಹದಿನೆಂಟು ಸಾವಿರದ ನಿಟ್ಟುಸಿರು

ನನ್ನ ಭಾವಮೈದ ತನ್ನ ಟರ್ಬೊ ಪೆಟ್ರೋಲ್ ಕಾರಿಗೆ ಹೊಸ ಡೈವರ್ಟರ್ ವಾಲ್ವ್ ಹಾಕಿಸಿದ್ದಾನೆ. ಹದಿನೆಂಟು ಸಾವಿರ ರೂಪಾಯಿ, ಫಿಟ್ಟಿಂಗ್ ಬೇರೆ. ಕಾರಿಗೆ ಏಳು ತಿಂಗಳು. ಹಳೇ ವಾಲ್ವ್ ಕೆಟ್ಟಿತ್ತಾ ಅಂತ ಕೇಳಿದೆ.

"ಇಲ್ಲ ಭಾವ, ಅದು ಸದ್ದೇ ಮಾಡ್ತಿರಲಿಲ್ಲ."

ಸದ್ದು ಮಾಡದೆ ಕೆಲಸ ಮಾಡುವವರಿಗೆ ನಮ್ಮ ದೇಶದಲ್ಲಿ ಇದೇ ಗತಿ. ಆ ಹಳೇ ವಾಲ್ವ್ ಪಾಪದ್ದು. ಟರ್ಬೊ ಅನ್ನೋದು ಸೈಲೆನ್ಸರ್ ಕಡೆ ಹೋಗುವ ಬಿಸಿ ಗಾಳಿಯಿಂದ ತಿರುಗುವ ಫ್ಯಾನು. ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತು ದಾಟುತ್ತದೆ. ಇನ್ನೊಂದು ತುದಿಯಲ್ಲಿ ಹೊರಗಿನ ಗಾಳಿಯನ್ನು ಎಂಜಿನ್ನಿಗೆ ತುರುಕುತ್ತದೆ. ನೀವು ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೆ ಎಂಜಿನ್ನಿನ ಬಾಗಿಲು ಟಪ್ಪಂತ ಮುಚ್ಚುತ್ತದೆ. ಬಂದ ಗಾಳಿ ಎಲ್ಲಿಗೆ ಹೋಗಬೇಕು? ಮೆಜೆಸ್ಟಿಕ್‌ನಲ್ಲಿ ಬಸ್ಸಿನ ಒಂದೇ ಬಾಗಿಲಲ್ಲಿ ಹತ್ತೋರು, ಇಳಿಯೋರು ಗುದ್ದಾಡುವ ಹಾಗೆ, ಅದು ವಾಪಸ್ ಬಂದು ಫ್ಯಾನಿಗೇ ಗುದ್ದುತ್ತದೆ. ಹಾಗಾಗದಿರಲಿ ಅಂತ ಕಂಪನಿಯವರೇ ಒಂದು ವಾಲ್ವ್ ಇಟ್ಟಿರುತ್ತಾರೆ. ಅದು ಗಾಳಿಯನ್ನು ಹಿಂದಿನ ಬಾಗಿಲಿಂದ ಕರೆದುಕೊಂಡು ಹೋಗಿ ಮತ್ತೆ ಸಾಲಿನಲ್ಲಿ ನಿಲ್ಲಿಸುತ್ತದೆ. ಗಲಾಟೆ ಇಲ್ಲ. ಕೆಲವು ಗಾಡಿಗಳಲ್ಲಿ ಇದರ ರಬ್ಬರ್ ಡಯಾಫ್ರಮ್ ಹರಿದು ಪಿಕಪ್ ಬಿದ್ದುಹೋಗುತ್ತದೆ. ಆಗ ಬದಲಾಯಿಸಿದರೆ ನ್ಯಾಯ.

ನಮ್ಮ ಹುಡುಗನ ಹೊಸ ವಾಲ್ವ್ ಗಾಳಿಯನ್ನು ಸಾಲಿಗೆ ಕಳಿಸಲ್ಲ, ಸದ್ದು ಮಾಡುತ್ತಾ ಬೀದಿಗೆ ಬಿಡುತ್ತದೆ. ಒಳಗೆ ಬಂದ ಗಾಳಿಯನ್ನು ಮೊದಲೇ ಅಳೆದಿಡುವ ಸೆನ್ಸರ್ ಇರುವ ಕಾರಾದರೆ ಇನ್ನೂ ಚೆಂದ. ಹತ್ತು ಜನ ಊಟಕ್ಕೆ ಬಂದಿದ್ದಾರೆ ಅಂತ ಹತ್ತು ಎಲೆ ಹಾಕಿಸಿರುತ್ತೀರಿ, ಮೂರು ಜನ ಕಿಟಕಿ ಹಾರಿ ಹೋಗಿರುತ್ತಾರೆ. ಪೆಟ್ರೋಲ್ ಮಾತ್ರ ಹತ್ತು ಜನಕ್ಕೂ ಬಡಿಸಿ ಆಗಿರುತ್ತದೆ. ಮಿಕ್ಕಿದ್ದು ಹಿಂದಿನಿಂದ ಕಪ್ಪು ಹೊಗೆ.

ಫಿಟ್ಟಿಂಗಿಗೆ ಜೆ.ಸಿ. ರೋಡಿನ ಒಂದು ಸಂದಿಗೆ ನನ್ನನ್ನೂ ಎಳೆದುಕೊಂಡು ಹೋಗಿದ್ದ. "ಅರ್ಧ ಗಂಟೆ ಕೆಲಸ ಸಾರ್" ಅಂದರು. ಮೂರೇ ಬೋಲ್ಟು. ಆದರೆ ಮೂರನೆಯದು ಯಾರ ಕೈಯೂ ಹೋಗದ ಜಾಗದಲ್ಲಿ. ಮೆಕ್ಯಾನಿಕ್ ಹುಡುಗ ಕಾರಿನ ಕೆಳಗೆ ಮಲಗಿ, ಕೆನ್ನೆಯನ್ನು ಬಂಪರಿಗೆ ಒತ್ತಿ, ಕಣ್ಣು ಮುಚ್ಚಿಕೊಂಡು ಬೆರಳ ತುದಿಯಲ್ಲಿ ತಿರುಗಿಸುತ್ತಿದ್ದ. ದೇವರ ಹತ್ತಿರ ಏನೋ ಗುಟ್ಟು ಕೇಳುವವನ ಹಾಗೆ. ಠಣ್ ಅಂತು. ಬೋಲ್ಟು ಬಿತ್ತು. ಕೆಳಗೆ ಬರಲಿಲ್ಲ, ನಡುವೆ ಎಲ್ಲೋ ಕೂತಿತು. ಕಡ್ಡಿಗೆ ಮ್ಯಾಗ್ನೆಟ್ ಕಟ್ಟಿ ಹುಡುಕುವಷ್ಟರಲ್ಲಿ ನಮ್ಮದು ಮೂರು ಬೈ-ಟು ಟೀ ಆಯಿತು. ಮೂರನೇ ಟೀಗೆ ನಾನು ಕಾನೂನು ತೆಗೆದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆಗಿದೆ ಕಣೋ. ನಿಯಮ ಮೀರಿ ಗಾಡಿ ಬದಲಾಯಿಸಿದರೆ ಒಂದೊಂದು ಬದಲಾವಣೆಗೂ ಐದು ಸಾವಿರ ದಂಡ, ಇಲ್ಲಾ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ ಅಂದೆ.

"ಬಾನೆಟ್ ಒಳಗಿರುತ್ತೆ ಭಾವ, ಯಾರಿಗೆ ಕಾಣುತ್ತೆ?"

ಅಂದರೆ ಲೆಕ್ಕ ಇಷ್ಟು. ಪೊಲೀಸರಿಗೆ ಕೇಳಿಸಬಾರದು, ಊರಿಗೆಲ್ಲ ಕೇಳಿಸಬೇಕು.

ಅವನ ಪಕ್ಕದ ಮನೆಯವರದ್ದು ಡೀಸೆಲ್ ಗಾಡಿ. ಡೀಸೆಲ್ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಹಾಗೆ ಬಾಗಿಲು ಮುಚ್ಚುವ ಪದ್ಧತಿ ಇಲ್ಲ, ಈ ವಾಲ್ವೂ ಬೇಡ. ಹಾಗಂತ ಅವರು ಸುಮ್ನೆ ಕೂರಬೇಕಾ? ಸೈಲೆನ್ಸರ್ ಬಾಯಿಗೆ ಸಿಕ್ಕಿಸುವ ಟರ್ಬೊ ಪೀಪಿ ಸಿಗುತ್ತದೆ. ಅದನ್ನು ಹಾಕಿಕೊಂಡಿದ್ದಾರೆ. ಜಾತ್ರೆಯಲ್ಲಿ ಮಕ್ಕಳಿಗೆ ಕೊಡಿಸುತ್ತಿದ್ದೆವಲ್ಲ, ಅದೇ.

ಮನೆಗೆ ಬಂದು ಭಾವಮೈದ ಅತ್ತೆಯನ್ನು ಗೇಟಿನ ಹತ್ತಿರ ನಿಲ್ಲಿಸಿ ಎಂಜಿನ್ ರೇಸ್ ಮಾಡಿದ. ಕಾಲು ತೆಗೆದ. ಏನೂ ಕೇಳಿಸಲಿಲ್ಲ. ಮತ್ತೆ ಮಾಡಿದ. ನಾಯಿ ಒಂದು ಎದ್ದು ಹೋಯಿತು, ಅಷ್ಟೇ.

"ನಿಂತಲ್ಲಿ ಬೂಸ್ಟ್, ಅಂದ್ರೆ ಟರ್ಬೊ ತುರುಕೋ ಗಾಳಿ ಒತ್ತಡ, ಬರಲ್ಲ ಅಮ್ಮ, ಲೋಡ್ ಬೇಕು. ರೋಡಿಗೆ ಹೋಗೋಣ."

ಲೋಡ್ ಆಗಿ ನಾವಿಬ್ಬರೂ ಹತ್ತಿದೆವು. ಎಚ್‌ಎಸ್‌ಆರ್ ಲೇಔಟಿನಿಂದ ಹೊರಟೆವು. ಸಂಜೆ ಆರೂಕಾಲು. ಈ ಊರಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ 34 ನಿಮಿಷ 10 ಸೆಕೆಂಡ್ ಬೇಕು ಅಂತ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯವರ 2024ರ ಲೆಕ್ಕ. ಗಂಟೆಗೆ ಹದಿನೇಳೂವರೆ ಕಿಲೋಮೀಟರ್. ಒಳ್ಳೆ ಸೈಕಲ್ಲಿನವನು ಇದಕ್ಕೆ ಬೆವರುವುದಿಲ್ಲ. ಸಂಜೆ ಆರೂಕಾಲಕ್ಕೆ ನಮಗೆ ಆ ಸರಾಸರಿಯೂ ದೊಡ್ಡ ಆಸೆ.

ಒಂದು ಕಡೆ ನೂರಡಿ ಖಾಲಿ ಸಿಕ್ಕಿತು. ಹುಡುಗ ಹಲ್ಲು ಕಚ್ಚಿ ತುಳಿದ. ಎದುರಿಗೆ ಹಂಪ್. ಸರಕಾರದ ಅಳತೆಯಲ್ಲಿ ಹಂಪ್ ಅಂದರೆ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ. ಇದು ಮಿಕ್ಕ ಡಾಂಬರನ್ನು ಯಾರೋ ಸಂಜೆ ಮನೆಗೆ ಹೋಗುವ ಮೊದಲು ಸುರಿದು ಹೋದದ್ದು. ಬ್ರೇಕ್. ಆಗ ಬಂತು, "ಪ್ಸ್".

"ಕೇಳಿಸ್ತಾ ಭಾವ?"

"ಪಂಚರ್ ಆಯ್ತೇನೋ?" ಅಂದರು ಅತ್ತೆ ಹಿಂದಿನಿಂದ.

ನನಗೆ ಆಗ ಹೊಳೆಯಿತು. ಇದು ವೇಗದ ಸದ್ದಲ್ಲ. ಹೋಗಬೇಕು ಅಂತ ಆಸೆಪಟ್ಟು, ಆಗದೆ, ಕಾಲು ಎತ್ತಿದಾಗ ಬರುವ ಸದ್ದು. ರಿಂಗ್ ರೋಡಿನಲ್ಲಿ ಪ್ರತಿಯೊಬ್ಬನೂ ಇದನ್ನು ಮೂಗಿನಿಂದಲೇ ಮಾಡುತ್ತಾನೆ. ಹದಿನೆಂಟು ಸಾವಿರ ಕೊಟ್ಟು ಕಾರಿನ ಕೈಲಿ ಮಾಡಿಸುತ್ತಿರುವವನು ನಮ್ಮವನೊಬ್ಬ.

ಸಿಲ್ಕ್ ಬೋರ್ಡ್ ಬಂತು. ಅಂದರೆ ಅದು ಬರಲಿಲ್ಲ, ನಾವು ಅದರ ಬಾಲಕ್ಕೆ ಹೋಗಿ ಸೇರಿದೆವು. ಇಪ್ಪತ್ತು ನಿಮಿಷ ಫಸ್ಟ್ ಗೇರ್, ನ್ಯೂಟ್ರಲ್, ಫಸ್ಟ್ ಗೇರ್. ಟರ್ಬೊ ಏಳಲೇ ಇಲ್ಲ, ವಾಲ್ವಿಗೆ ಕೆಲಸವೇ ಬರಲಿಲ್ಲ. ಹುಡುಗ ಮಾತು ಬಿಟ್ಟಿದ್ದ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಗುರುತಿನ ಒಂದು ಹಳದಿ ದೀಪ ಹೊತ್ತಿಕೊಂಡಿತ್ತು. ನಾನು ನೋಡಿಯೂ ನೋಡದವನ ಹಾಗೆ ಕೂತಿದ್ದೆ.

ಅಷ್ಟರಲ್ಲಿ ಬಿಎಂಟಿಸಿ ಬಸ್ಸೊಂದು ನಮ್ಮ ಪಕ್ಕ ಬಂದು ನಿಂತಿತು. ಡ್ರೈವರ್ ಬ್ರೇಕಿನಿಂದ ಕಾಲು ತೆಗೆದರು.

"ಪ್ಸ್ಸ್ಸ್ಸ್ಸ್ಶ್ಶ್!"

ಕಿಟಕಿ ಗಾಜು ಅದುರಿತು. ಮುಂದಿದ್ದ ಸ್ಕೂಟರಿನವರು ತಿರುಗಿ ನೋಡಿದರು.

"ಅದು ಏರ್ ಬ್ರೇಕ್ ಭಾವ, ಅದೇ ಬೇರೆ" ಅಂದ, ನಾನು ಏನೂ ಕೇಳದಿದ್ದರೂ.

ಅತ್ತೆ ಗಾಜು ಇಳಿಸಿ ಬಸ್ಸನ್ನು ಮೇಲಿಂದ ಕೆಳಗೆ ನೋಡಿದರು. "ಇದೇ ಚೆನ್ನಾಗಿದೆಯಲ್ಲೋ. ಇದನ್ನೇ ಹಾಕಿಸ್ಕೋಬಾರದಿತ್ತಾ?"